ಸಿಡಿಲಿಗೆ ಮುಂಚೆ ರೂಟರಿನದೊಂದು ನಕಲು

ಯುಗಾದಿ ಕಳೆಯುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತಯಾರಿ ಶುರುವಾಗುತ್ತದೆ. ಒಡೆದ ಹೆಂಚು ಬದಲಿಸಬೇಕು, ಸೌದೆ ಒಳಗೆ ಸೇರಿಸಬೇಕು, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬಬೇಕು. ಶಿವಮೊಗ್ಗ, ಭದ್ರಾವತಿಯಂಥ ಪೇಟೆಗಳಲ್ಲಿ ಹೆಂಚು, ಸೌದೆಯ ಮಾತು ಕಡಿಮೆಯಾಗಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳು ಮಾತ್ರ ಹಾಗೇ ಇವೆ. ಆ ತಯಾರಿಯ ಪಟ್ಟಿಗೆ ಇನ್ನೊಂದು ಕೆಲಸ ಸೇರಬೇಕು ಎನ್ನುವುದು ನನ್ನ ವಾದ. ಮನೆಯ ಇಂಟರ್ನೆಟ್ ರೂಟರಿನ ಸೆಟ್ಟಿಂಗ್‌ಗಳ ನಕಲನ್ನು ತೆಗೆದಿಡಬೇಕು, ಅದನ್ನು ನಮ್ಮ ನೆನಪಿಗೆ ಬಿಡದೆ ಒಂದು ಪುಟ್ಟ ಸ್ಕ್ರಿಪ್ಟ್‌ಗೆ ಒಪ್ಪಿಸಬೇಕು. ಹಾಗೆ ಮಾಡಲು ಬೇಕಾದ ಬೀಗದ ಕೈ, ಅಂದರೆ ಪಾಸ್‌ವರ್ಡ್, ದುಡ್ಡು ಕೊಡುವ ಗ್ರಾಹಕರ ಕೈಯಲ್ಲಿರಬೇಕು.

ರೂಟರ್ ಸುಟ್ಟರೆ ಹೊಸದು ತಂದರಾಯಿತು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಪೆಟ್ಟಿಗೆಯೇನೋ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿರುವುದು ಅದರೊಳಗೆ ಎರಡು ಮೂರು ವರ್ಷದಿಂದ ಒಂದೊಂದಾಗಿ ಸೇರಿಕೊಂಡ ಮಾಹಿತಿ. ಸಂಪರ್ಕ ಕೊಟ್ಟವರು ನಮ್ಮ ಹೆಸರಿಗೆ ಮಾಡಿದ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್, ಅವರ ಲೈನಿಗೆ ಬೇಕಾದ ವಿ-ಲ್ಯಾನ್ ಸಂಖ್ಯೆ, ವೈಫೈ ಹೆಸರು, ಕ್ಯಾಮೆರಾಕ್ಕೂ ಪ್ರಿಂಟರಿಗೂ ಕಾಯಂ ಮಾಡಿಟ್ಟ ವಿಳಾಸಗಳು, ಹೊರಗಿನಿಂದ ಕ್ಯಾಮೆರಾ ನೋಡಲು ತೆರೆದ ಬಾಗಿಲು, ರಾತ್ರಿ ಹತ್ತರ ಮೇಲೆ ಮಕ್ಕಳ ಟ್ಯಾಬಿಗೆ ನೆಟ್ ನಿಲ್ಲಿಸುವ ನಿಯಮ. ಇವೆಲ್ಲ ಸೇರಿದರೂ ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕಿಂತ ಎಷ್ಟೋ ಚಿಕ್ಕ ಫೈಲು. ಆದರೆ ಅದು ಇಲ್ಲದಿದ್ದರೆ ಹೊಸ ರೂಟರ್ ಬರೀ ದೀಪ ಮಿಣುಕಿಸುವ ಡಬ್ಬಿ.

ಕೋಟೆಯ ಹಳೇ ಮನೆಗಳನ್ನೇ ನೋಡಿ. ಗೋಡೆ ದಪ್ಪ, ಮನೆ ಉದ್ದ. ಬೀದಿ ಬದಿಯ ಕೋಣೆಯಲ್ಲಿಟ್ಟ ವೈಫೈ ಹಿತ್ತಲ ಕಡೆಗೆ ಮುಟ್ಟುವುದಿಲ್ಲ. ಅದಕ್ಕೆ ನಡುಮನೆಯಲ್ಲಿ ಎರಡನೇ ರೂಟರ್, ಎರಡಕ್ಕೂ ಒಂದೇ ಹೆಸರು. ಮುಂದಿನ ಕೋಣೆ ಅಂಗಡಿಯಾಗಿದ್ದರೆ ಅಲ್ಲಿನ ಬಿಲ್ಲಿಂಗ್ ಕಂಪ್ಯೂಟರೂ ಇದಕ್ಕೇ ತಗಲಿಕೊಂಡಿರುತ್ತದೆ. ಆ ಕಡೆ ಭದ್ರಾವತಿಗೆ ಬನ್ನಿ. ಕಾರ್ಖಾನೆಯಿಂದ ನಿವೃತ್ತರಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು. ಮಕ್ಕಳು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದಾರೆ. ದೀಪಾವಳಿಗೆ ಬಂದ ಮಗ ಗೇಟಿಗೊಂದು, ವರಾಂಡಕ್ಕೊಂದು ಕ್ಯಾಮೆರಾ ಹಾಕಿ, ರೂಟರಿನಲ್ಲಿ ಏನೇನೋ ಬದಲಿಸಿ ಹೋಗಿರುತ್ತಾನೆ. ಏನು ಬದಲಿಸಿದ ಎಂಬುದು ಅವನ ತಲೆಯಲ್ಲಿದೆ, ಬಹುಶಃ ಆರು ತಿಂಗಳಾದ ಮೇಲೆ ಅಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಪಾಳಿ ಮುಗಿಸುವವರು ಲಾಗ್ ಪುಸ್ತಕದಲ್ಲಿ ಬರೆದಿಟ್ಟೇ ಹೊರಡಬೇಕು, ಇಲ್ಲದಿದ್ದರೆ ಮುಂದಿನ ಪಾಳಿಯವನಿಗೆ ಯಂತ್ರದ ಸ್ಥಿತಿ ಗೊತ್ತಾಗುವುದಿಲ್ಲ. ಜೀವನಪೂರ್ತಿ ಲಾಗ್ ಪುಸ್ತಕ ಬರೆದವರ ಮನೆಯಲ್ಲೇ ಈ ಒಂದು ಯಂತ್ರಕ್ಕೆ ಲಾಗ್ ಇಲ್ಲ.

ಸಿಡಿಲಿನ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಈಗ ಬರುವುದು ಫೈಬರ್ ಕೇಬಲ್, ಅದಕ್ಕೆ ಸಿಡಿಲಿನ ಭಯವಿಲ್ಲ ಎನ್ನುತ್ತಾರೆ. ಫೈಬರಿನ ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎನ್ನುವುದು ನಿಜ. ಹಳೇ ತಾಮ್ರದ ಟೆಲಿಫೋನ್ ತಂತಿಯಷ್ಟು ಅಪಾಯ ಈಗಿಲ್ಲ. ಆದರೆ ರೂಟರಿಗೆ ಕರೆಂಟ್ ಬರುವುದು ಗೋಡೆಯ ಪ್ಲಗ್ಗಿನಿಂದ, ಮತ್ತು ತಾರಸಿಯ ಕ್ಯಾಮೆರಾದಿಂದ ಇಳಿದು ಬರುವ ಲ್ಯಾನ್ ಕೇಬಲ್ಲಿನಲ್ಲಿರುವುದು ತಾಮ್ರವೇ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಈ ಎರಡು ದಾರಿಯಿಂದ ಹೊಡೆತ ಒಳಗೆ ಬರುತ್ತದೆ. ಗುಡುಗು ಶುರುವಾದ ಕೂಡಲೇ ಎರಡನ್ನೂ ಕಿತ್ತಿಡುವುದು ಒಳ್ಳೆಯ ಅಭ್ಯಾಸ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಅದನ್ನು ಕೀಳುವವರು ಯಾರು?

ಹಾಗೆ ರೂಟರ್ ಹೋದಾಗ ನಡೆಯುವ ಮಾತುಕತೆ ಎಲ್ಲರಿಗೂ ಪರಿಚಿತ. ಕೇಬಲ್ಲಿನ ಹುಡುಗನಿಗೆ ಫೋನ್. “ಅಣ್ಣ, ಯೂಸರ್‌ನೇಮ್ ಪಾಸ್‌ವರ್ಡ್ ಹೇಳಿಬಿಡು, ನಾವೇ ಹಾಕ್ಕೋತೀವಿ.” “ಅಯ್ಯೋ, ಅದಕ್ಕೆಲ್ಲ ನೀವ್ಯಾಕೆ ತಲೆ ಕೆಡಿಸ್ಕೋತೀರಿ ಸರ್, ನಾನೇ ಬಂದು ಹಾಕಿ ಕೊಡ್ತೀನಿ.” ಅವನು ಕೆಟ್ಟವನಲ್ಲ. ಅದೇ ದಿನ ಅದೇ ಸಿಡಿಲಿಗೆ ಇನ್ನೂ ಹತ್ತಾರು ಮನೆಗಳ ಪೆಟ್ಟಿಗೆ ಹೋಗಿರುತ್ತದೆ, ಅವನು ಒಬ್ಬನೇ, ಒಂದು ಬೈಕು. ಸರದಿ ಬರುವ ಹೊತ್ತಿಗೆ ಮೂರು ದಿನ. ಆ ಮೂರು ದಿನ ಮನೆಯಿಂದ ಕೆಲಸ ಮಾಡುವವಳು ರಜೆ ಹಾಕಬೇಕು, ಅಂಗಡಿಯವನು ಕೈಯಲ್ಲಿ ಬಿಲ್ ಬರೆಯಬೇಕು, ದುಬೈನಲ್ಲಿರುವ ಮಗ ಕಪ್ಪು ಪರದೆ ನೋಡುತ್ತಾ ಪಕ್ಕದ ಮನೆಗೆ ಫೋನ್ ಮಾಡಬೇಕು. ನಮ್ಮ ವೃತ್ತಿಯವರ ಕಷ್ಟ ಬೇರೆ. ಜಿಲ್ಲೆಯಲ್ಲಿ ವೆಬ್‌ಸೈಟ್ ಇಟ್ಟುಕೊಂಡು ಸುದ್ದಿ ಮಾಡುವವರು, ಸ್ಟ್ರಿಂಗರುಗಳು ಹೆಚ್ಚಾಗಿ ಮನೆಯ ಸಂಪರ್ಕದಿಂದಲೇ ವಿಡಿಯೊ ಕಳಿಸುವುದು. ಮಳೆ ಸಿಡಿಲಿನ ಸುದ್ದಿ ಬರೆಯಬೇಕಾದ ದಿನವೇ ಸುದ್ದಿ ಕಳಿಸುವ ದಾರಿ ಮುಚ್ಚಿರುತ್ತದೆ.

ಫೋನಿನಲ್ಲಿ ಡೇಟಾ ಇದೆಯಲ್ಲ, ಹಾಟ್‌ಸ್ಪಾಟ್ ಹಾಕಿಕೊಂಡರಾಯಿತು ಎನ್ನಬಹುದು. ಒಂದು ಸಂಜೆಗೆ ಸರಿ. ಆದರೆ ಕ್ಯಾಮೆರಾ, ಟಿವಿ, ಅಂಗಡಿಯ ಪ್ರಿಂಟರ್ ಹುಡುಕುವುದು ಹಳೇ ವೈಫೈ ಹೆಸರನ್ನೇ. ಇಲ್ಲೊಂದು ಸಣ್ಣ ಉಪಾಯ ಹೇಳಿಬಿಡುತ್ತೇನೆ. ಹೊಸ ರೂಟರಿಗೆ ಹಳೆಯದರ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರವೂ ವ್ಯತ್ಯಾಸವಾಗದಂತೆ ಕೊಟ್ಟರೆ ಮನೆಯ ಸಾಧನಗಳು ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಒಂದೊಂದನ್ನೂ ಮತ್ತೆ ಜೋಡಿಸುವ ಗೋಳಿಲ್ಲ. ಆ ಎರಡು ಸಾಲು ಬರೆದಿಟ್ಟಿದ್ದರೂ ಅರ್ಧ ಕೆಲಸ ಮುಗಿಯಿತು.

ಹಾಗಾದರೆ ಬರೆದಿಟ್ಟರೆ ಸಾಕಲ್ಲ, ಸ್ಕ್ರಿಪ್ಟ್ ಯಾಕೆ? ಬರೆದಿಡುವುದು ಒಂದು ಸಲದ ಕೆಲಸ, ಸೆಟ್ಟಿಂಗ್ ಬದಲಾಗುವುದು ವರ್ಷಪೂರ್ತಿ. ನೆಂಟರು ಬಂದು ಹೋದ ಮೇಲೆ ಪಾಸ್‌ವರ್ಡ್ ಬದಲಿಸುತ್ತೇವೆ, ಹೊಸ ಕ್ಯಾಮೆರಾ ಸೇರುತ್ತದೆ, ಕಂಪನಿಯವರು ಪ್ಲಾನ್ ಬದಲಿಸಿದಾಗ ಯೂಸರ್‌ನೇಮ್ ಬದಲಾಗುತ್ತದೆ. ಪ್ರತಿ ಸಲವೂ ನೆನಪಿಟ್ಟು ನಕಲು ತೆಗೆಯುವ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಮಾರ್ಚ್ 31ನ್ನು ಲೋಕವೆಲ್ಲ ‘ವರ್ಲ್ಡ್ ಬ್ಯಾಕಪ್ ಡೇ’ ಎಂದು ಆಚರಿಸುತ್ತದೆ. ನೆನಪಿಸಲು ಒಂದು ದಿನವೇ ಬೇಕಾಯಿತು ಎಂದರೆ ಮರೆಯುವುದು ನಮ್ಮೂರಿನವರ ರೋಗ ಮಾತ್ರ ಅಲ್ಲ. ಮರೆಯದಿರುವುದು ಯಂತ್ರ, ಅದಕ್ಕೇ ಕೆಲಸ ಒಪ್ಪಿಸಬೇಕು.

ಸ್ಕ್ರಿಪ್ಟ್ ಎಂದರೆ ಹೆದರಬೇಕಾದ್ದಿಲ್ಲ. ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಬರೆದ ಹತ್ತಿಪ್ಪತ್ತು ಸಾಲಿನ ಚೀಟಿ ಅದು. ಮೂಲೆ ಸೇರಿದ ಹಳೇ ಲ್ಯಾಪ್‌ಟಾಪ್ ಅಥವಾ ಅಂಗೈ ಅಗಲದ ರಾಸ್ಪ್‌ಬೆರಿ ಪೈ ಅದನ್ನು ನಡೆಸಬಲ್ಲದು. ಲಿನಕ್ಸ್‌ನಲ್ಲಿ ‘ಕ್ರಾನ್’, ವಿಂಡೋಸ್‌ನಲ್ಲಿ ‘ಟಾಸ್ಕ್ ಶೆಡ್ಯೂಲರ್’ ಎಂಬ ವ್ಯವಸ್ಥೆ ಈಗಾಗಲೇ ಇದೆ, ಪ್ರತಿ ಭಾನುವಾರ ಬೆಳಗಿನ ಜಾವ ಈ ಚೀಟಿಯಂತೆ ಮಾಡು ಎಂದು ಹೇಳಿದರಾಯಿತು. ಸ್ಕ್ರಿಪ್ಟ್ ರೂಟರಿನೊಳಗೆ ಲಾಗಿನ್ ಆಗಿ ಸೆಟ್ಟಿಂಗ್ ಫೈಲು ಕೇಳುತ್ತದೆ, ತನ್ನ ಕಡೆ ತಂದು ಆ ದಿನದ ತಾರೀಖಿನ ಹೆಸರಿಡುತ್ತದೆ, ಫೈಲು ಖಾಲಿಯಿಲ್ಲವೇ ಎಂದು ನೋಡುತ್ತದೆ, ಹಿಂದಿನ ವಾರದ್ದಕ್ಕೆ ಹೋಲಿಸುತ್ತದೆ. ಬದಲಾವಣೆ ಇಲ್ಲದಿದ್ದರೆ ಹೊಸದನ್ನು ಅಳಿಸುತ್ತದೆ, ಇದ್ದರೆ ಇಟ್ಟುಕೊಂಡು ಒಂದು ಮೆಸೇಜ್ ಕಳಿಸುತ್ತದೆ. ನಕಲು ತರಲಾಗದಿದ್ದರೂ ಮೆಸೇಜ್ ಕಳಿಸಬೇಕು. ಸದ್ದಿಲ್ಲದೆ ನಿಂತುಹೋದ ಬ್ಯಾಕಪ್, ಬ್ಯಾಕಪ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಎಲ್ಲ ರೂಟರುಗಳೂ ಇದಕ್ಕೆ ಒಂದೇ ರೀತಿ ಒಗ್ಗುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರುಗಳಲ್ಲಿ ಇದು ಬಲು ಸುಲಭ. 2003ರಲ್ಲಿ ಲಿಂಕ್‌ಸಿಸ್ ಕಂಪನಿ ಮುಕ್ತ ಪರವಾನಗಿಯ ನಿಯಮಕ್ಕೆ ತಲೆಬಾಗಿ ತನ್ನ ರೂಟರಿನ ಮೂಲ ಕೋಡ್ ಹೊರಗೆ ಬಿಟ್ಟಿತು, ಮರುವರ್ಷ ಅದರ ಮೇಲೆ ಹುಟ್ಟಿದ್ದು ಈ ಯೋಜನೆ. ಇದರಲ್ಲಿ ಸೆಟ್ಟಿಂಗ್‌ಗಳೆಲ್ಲ ಯಾರಾದರೂ ಓದಬಹುದಾದ ಸಾದಾ ಅಕ್ಷರದ ಫೈಲುಗಳು, ಒಂದೇ ಕಮಾಂಡಿಗೆ ಗಂಟು ಕಟ್ಟಿ ಕೊಡುತ್ತದೆ. ಕಚೇರಿಗಳು, ಸಣ್ಣ ನೆಟ್ ಕಂಪನಿಗಳು ಬಳಸುವ ಮೈಕ್ರೋಟಿಕ್‌ನಲ್ಲಿ ಎರಡು ದಾರಿ. ‘ಬ್ಯಾಕಪ್’ ಎಂಬುದು ಅದೇ ಸಾಧನಕ್ಕೆ ಮರಳಿ ಹಾಕಲು, ‘ಎಕ್ಸ್‌ಪೋರ್ಟ್’ ಎಂಬುದು ಓದಲು ಬರುವ ಪಟ್ಟಿ. ಅದರ ಏಳನೇ ಆವೃತ್ತಿಯಿಂದ ಎಕ್ಸ್‌ಪೋರ್ಟ್‌ನಲ್ಲಿ ಪಾಸ್‌ವರ್ಡ್‌ಗಳು ಕೇಳದೆ ಬರುವುದಿಲ್ಲ, ಅದನ್ನು ಗಮನಿಸಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೂಟರುಗಳಲ್ಲಿ ‘ಬ್ಯಾಕಪ್ ಆ್ಯಂಡ್ ರಿಸ್ಟೋರ್’ ಎಂಬ ಪುಟವಿರುತ್ತದೆ. ಅಲ್ಲಿ ಸಿಗುವ ಫೈಲನ್ನು ನಾವು ಓದಲಾಗುವುದಿಲ್ಲ, ಹೆಚ್ಚಾಗಿ ಅದೇ ಮಾಡೆಲ್ಲಿಗೆ ಮಾತ್ರ ಹಾಕಬಹುದು. ಸ್ಕ್ರಿಪ್ಟ್ ಆ ಪುಟಕ್ಕೆ ಹೋಗಿ ಗುಂಡಿ ಒತ್ತುವ ಹಾಗೆ ಮಾಡಬಹುದು, ಆದರೆ ಕಂಪನಿ ಪುಟದ ವಿನ್ಯಾಸ ಬದಲಿಸಿದ ದಿನ ಅದು ಮುಗ್ಗರಿಸುತ್ತದೆ. ಇಂಥ ರೂಟರ್ ಇರುವವರು ಫೈಲಿನ ಜತೆಗೆ ಮುಖ್ಯ ಸೆಟ್ಟಿಂಗ್‌ಗಳನ್ನು ಒಂದು ಹಾಳೆಯಲ್ಲೂ ಬರೆದಿಡುವುದು ಕ್ಷೇಮ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಫೈಬರ್ ಬಂದು ಸೇರುವ ಪೆಟ್ಟಿಗೆ, ಒಎನ್‌ಟಿ, ಸುಟ್ಟರೆ ಹೊಸದರ ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಕಡೆಯಿಂದಲೇ ನೋಂದಾಯಿಸಬೇಕಾಗುತ್ತದೆ. ನಮ್ಮ ಬ್ಯಾಕಪ್ ಅದನ್ನು ತಪ್ಪಿಸಲಾರದು. ಕೆಲವು ಕಂಪನಿಗಳು ದೂರದಿಂದಲೇ ಸೆಟ್ಟಿಂಗ್ ಇಳಿಸುವ ವ್ಯವಸ್ಥೆಯನ್ನೂ ಇಟ್ಟುಕೊಂಡಿವೆ. ಅವರು ತಮ್ಮ ಲೈನಿಗೆ ಬೇಕಾದ್ದನ್ನು ಇಳಿಸುತ್ತಾರೆ, ನಿಮ್ಮ ಕ್ಯಾಮೆರಾದ ವಿಳಾಸ, ಮಕ್ಕಳ ಸಮಯದ ನಿಯಮ ಇವೆಲ್ಲ ನಿಮ್ಮ ಜವಾಬ್ದಾರಿಯೇ. ಸಾಧ್ಯವಿದ್ದವರು ಒಎನ್‌ಟಿ ಒಂದು, ತಮ್ಮದೇ ರೂಟರ್ ಇನ್ನೊಂದು ಎಂದು ಬೇರೆ ಮಾಡಿಕೊಂಡರೆ ಕಂಪನಿಯ ಕೆಲಸ ಯಾವುದು, ನಮ್ಮದು ಯಾವುದು ಎನ್ನುವುದು ಸ್ಪಷ್ಟವಾಗುತ್ತದೆ.

ನಕಲನ್ನು ಎಲ್ಲಿಡಬೇಕು? 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ನೆನಪಿರಬಹುದು. ಮನೆಯೊಳಗೆ ನೀರು ಬಂದರೆ ರೂಟರೂ ಅದರ ನಕಲಿರುವ ಲ್ಯಾಪ್‌ಟಾಪೂ ಒಟ್ಟಿಗೇ ಮುಳುಗುತ್ತವೆ. ಒಂದು ನಕಲು ಊರಾಚೆ ಇರಬೇಕು. ಕೋಟೆಯ ಮನೆಯದ್ದು ಭದ್ರಾವತಿಯ ಅಕ್ಕನ ಮನೆಯಲ್ಲಿ, ಅಕ್ಕನ ಮನೆಯದ್ದು ಇಲ್ಲಿ ಇದ್ದರೂ ನಡೆಯುತ್ತದೆ. ಆದರೆ ಈ ಫೈಲಿನಲ್ಲಿ ಮನೆಯ ಎಲ್ಲ ಪಾಸ್‌ವರ್ಡ್‌ಗಳು ಇರುತ್ತವೆ ಎನ್ನುವುದನ್ನು ಮರೆಯಬಾರದು. ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ವಸ್ತುವಲ್ಲ ಇದು. ಪಾಸ್‌ವರ್ಡ್ ಹಾಕಿ ಬೀಗ ಜಡಿದ ಫೈಲಾಗಿಯೇ ಹೊರಗೆ ಹೋಗಬೇಕು, ಆ ಕೆಲಸವನ್ನೂ ಸ್ಕ್ರಿಪ್ಟ್‌ಗೆ ಹೇಳಬಹುದು. ಆ ಬೀಗದ ಪಾಸ್‌ವರ್ಡ್ ಮಾತ್ರ ಕಾಗದದಲ್ಲಿ ಬರೆದು ಮನೆಪತ್ರಗಳ ಜತೆ ಬೀರುವಿನಲ್ಲಿಡಿ.

ನಕಲಿನ ಉಪಯೋಗ ಸಿಡಿಲಿಗೆ ಮುಗಿಯುವುದಿಲ್ಲ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆಯಿತು, ಕರ್ನಾಟಕಕ್ಕೂ ಅದರ ಬಿಸಿ ತಟ್ಟಿತು. ಸಿಕ್ಕಿಬಿದ್ದಿದ್ದು ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಆಗ ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು. ಮರುವರ್ಷ, 2018ರ ಮೇನಲ್ಲಿ, ‘ವಿಪಿಎನ್‌ಫಿಲ್ಟರ್’ ಎಂಬ ಮಾಲ್‌ವೇರ್ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರು ಮತ್ತಿತರ ಸಾಧನಗಳಿಗೆ ಹೊಕ್ಕಿದೆ ಎಂದು ಸಿಸ್ಕೊ ಕಂಪನಿಯ ಸಂಶೋಧಕರು ಪ್ರಕಟಿಸಿದರು. ರೂಟರನ್ನು ಆರಿಸಿ ಮತ್ತೆ ಹಚ್ಚಿ ಎಂದು ಅಮೆರಿಕದ ಎಫ್‌ಬಿಐ ಜನರಿಗೆ ಹೇಳಿತು. ಅದರಿಂದ ಮಾಲ್‌ವೇರಿನ ಒಂದು ಭಾಗ ಮಾತ್ರ ಹೋಗುತ್ತಿತ್ತು. ಪೂರ್ತಿ ತೊಳೆಯಲು ಫ್ಯಾಕ್ಟರಿ ರೀಸೆಟ್ ಮಾಡಬೇಕಿತ್ತು.

ಫ್ಯಾಕ್ಟರಿ ರೀಸೆಟ್ ಎಂದರೆ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತುವುದು. ಅಷ್ಟು ಸುಲಭದ ಮದ್ದನ್ನು ಜನ ಯಾಕೆ ಮಾಡುವುದಿಲ್ಲ? ಒತ್ತಿದರೆ ಸೆಟ್ಟಿಂಗ್ ಎಲ್ಲ ಹೋಗುತ್ತದೆ, ಮತ್ತೆ ಆ ಹುಡುಗನನ್ನು ಕಾಯಬೇಕು ಎಂಬ ಭಯಕ್ಕೆ. ನಕಲಿದ್ದವರು ಧೈರ್ಯವಾಗಿ ಒತ್ತುತ್ತಾರೆ. ಆದರೆ ದಾಳಿಯಾದ ಮೇಲೆ ತೆಗೆದ ನಕಲಿನಲ್ಲಿ ಕಳ್ಳನ ಸೆಟ್ಟಿಂಗೂ ಇರುತ್ತದೆ. ಅದಕ್ಕೇ ಹಳೆಯ ನಕಲುಗಳನ್ನು ಕೆಲವು ತಿಂಗಳಾದರೂ ಉಳಿಸಬೇಕು. ಹೋಲಿಸಿ ನೋಡುವ ಸ್ಕ್ರಿಪ್ಟಿನ ನಿಜವಾದ ಲಾಭ ಇಲ್ಲಿದೆ. ನೀವು ಯಾರೂ ಮುಟ್ಟದ ವಾರದಲ್ಲಿ ಡಿಎನ್ಎಸ್ ವಿಳಾಸ ಬದಲಾಗಿದೆ ಎಂದು ಮೆಸೇಜ್ ಬಂದರೆ, ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಪುಟ ತೆರೆದುಕೊಳ್ಳುವ ಮೊದಲೇ ಎಚ್ಚರವಾಗಬಹುದು.

ಇಷ್ಟೆಲ್ಲ ಮಾಡಬೇಕೆಂದರೆ ರೂಟರಿನ ಅಡ್ಮಿನ್ ಪಾಸ್‌ವರ್ಡ್ ನಮ್ಮ ಬಳಿ ಇರಬೇಕು. ನನ್ನ ತಕರಾರು ಇರುವುದು ಇಲ್ಲಿಯೇ. ಸಂಪರ್ಕ ಕೊಡುವವರು ಅನೇಕರು ಅದನ್ನು ಕೊಡುವುದಿಲ್ಲ. ಕೊಟ್ಟರೂ ಅರ್ಧ ಮೆನು ಮರೆಮಾಡಿದ ಯೂಸರ್ ಲಾಗಿನ್ ಕೊಡುತ್ತಾರೆ, ಅದರಲ್ಲಿ ಬ್ಯಾಕಪ್ ಪುಟ ಕಾಣುವುದಿಲ್ಲ. ಜನ ಏನೇನೋ ಒತ್ತಿ ಕೆಡಿಸುತ್ತಾರೆ, ಮತ್ತೆ ಬೈಯುವುದು ನಮಗೇ ಎನ್ನುವುದು ಅವರ ಉತ್ತರ. ಆ ಮಾತಿನಲ್ಲಿ ಅನುಭವವಿದೆ, ಒಪ್ಪುತ್ತೇನೆ. ಆದರೆ ಕೆಡಿಸಿದ್ದನ್ನು ಎರಡು ನಿಮಿಷದಲ್ಲಿ ಸರಿ ಮಾಡಲು ಇರುವ ಸಾಧನವೇ ಬ್ಯಾಕಪ್. ಕೆಡುತ್ತದೆ ಎಂಬ ಕಾರಣಕ್ಕೆ ಅದನ್ನೇ ಮುಚ್ಚಿಟ್ಟರೆ ಹೇಗೆ?

ಜರ್ಮನಿಯಲ್ಲಿ ಇದೇ ಜಗಳ ನಡೆದು ಕಾನೂನಾಗಿದೆ. 2016ರ ಆಗಸ್ಟ್ 1ರಿಂದ ಅಲ್ಲಿನ ಗ್ರಾಹಕರು ತಮಗೆ ಬೇಕಾದ ರೂಟರ್ ಬಳಸಬಹುದು. ಸಂಪರ್ಕಕ್ಕೆ ಬೇಕಾದ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ಉಳಿದ ವಿವರಗಳನ್ನು ಕಂಪನಿಗಳು ಒಪ್ಪಂದದ ಹೊತ್ತಿನಲ್ಲೇ, ಕೇಳದೆಯೇ, ಬರಹದಲ್ಲಿ, ಉಚಿತವಾಗಿ ಕೊಡಬೇಕು. ನಮಗೆ ಇದು ದೂರದ ಮಾತೇನಲ್ಲ. ಪಹಣಿಯ ನಕಲಿಗೆ ಊರ ಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ‘ಭೂಮಿ’ ಯೋಜನೆ ಬಂದ ಮೇಲೆ ನಕಲು ಪಡೆಯುವುದು ಯಾರದೋ ದಯೆಯ ವಿಷಯವಾಗಿ ಉಳಿಯಲಿಲ್ಲ. ದಾಖಲೆ ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ ಏನಾಗುತ್ತದೆ ಎನ್ನುವುದನ್ನು ರೈತರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಪ್ರತಿ ಮನೆಯವರೂ ಸ್ಕ್ರಿಪ್ಟ್ ಬರೆಯಲಿ ಎಂದು ನಾನು ಹೇಳುತ್ತಿಲ್ಲ. ಬೀದಿಗೊಬ್ಬ ಪಾಲಿಟೆಕ್ನಿಕ್ ಹುಡುಗನೋ ಹುಡುಗಿಯೋ ಒಂದು ಭಾನುವಾರ ಕೂತರೆ ನಾಲ್ಕು ಮನೆಗೆ ಹಾಕಿಕೊಡಬಹುದು. ಕೇಬಲ್ ಆಪರೇಟರುಗಳೇ ಇದನ್ನು ಒಂದು ಸೇವೆಯಾಗಿ ಕೊಟ್ಟು ವರ್ಷಕ್ಕೆ ಇಷ್ಟು ಎಂದು ತೆಗೆದುಕೊಂಡರೂ ತಪ್ಪಿಲ್ಲ, ಸಿಡಿಲಿನ ವಾರದಲ್ಲಿ ಅವರ ಓಡಾಟವೂ ಉಳಿಯುತ್ತದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರ, ಗ್ರಾಮ ಒನ್ ಕೇಂದ್ರಗಳಿಗೆ ಮಾತ್ರ ಇದು ಆಯ್ಕೆಯಾಗಿ ಉಳಿಯಬಾರದು. ಅಲ್ಲಿ ರೂಟರ್ ಸತ್ತರೆ ಪುಸ್ತಕದ ಆಚೆಗೆ ಕಲಿಯಲು ಬಂದ ಮಕ್ಕಳೂ, ಅರ್ಜಿ ಹಾಕಲು ಕೊನೆಯ ದಿನ ಬಂದವರೂ ವಾಪಸು ಹೋಗಬೇಕಾಗುತ್ತದೆ. ಕೇಂದ್ರಕ್ಕೊಂದು ಹಾಳೆ, ತಾಲ್ಲೂಕಿಗೊಂದು ಕಡೆ ತಾನಾಗಿ ಬಂದು ಸೇರುವ ನಕಲು, ಇಷ್ಟಕ್ಕೆ ದೊಡ್ಡ ಬಜೆಟ್ಟೇನೂ ಬೇಡ.

ನಕಲು ತೆಗೆದವರು ವರ್ಷಕ್ಕೊಮ್ಮೆಯಾದರೂ ಅದನ್ನು ಮರಳಿ ಹಾಕಿ ನೋಡಿ. ಮನೆಯಲ್ಲಿ ಎಲ್ಲರೂ ಇರುವ, ಅಂಗಡಿಗೆ ರಜೆ ಇರುವ ದಿನ ಆರಿಸಿಕೊಳ್ಳಿ. ಸ್ಕ್ರಿಪ್ಟ್ ಆಮೇಲೆ ಬರಲಿ. ಈ ವಾರ ಮಾಡಬಹುದಾದ್ದು ಇಷ್ಟು: ರೂಟರನ್ನು ತಿರುಗಿಸಿ ಕೆಳಗಿನ ಸ್ಟಿಕ್ಕರಿನ ಫೋಟೋ ತೆಗೆಯಿರಿ. ವೈಫೈ ಹೆಸರು, ಪಾಸ್‌ವರ್ಡ್ ಬರೆದಿಡಿ. ಆಮೇಲೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ, ನನ್ನ ಲೈನಿನ ಯೂಸರ್‌ನೇಮ್, ಪಾಸ್‌ವರ್ಡ್, ವಿ-ಲ್ಯಾನ್ ಸಂಖ್ಯೆ ಮತ್ತು ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೊಡಿ ಎಂದು ಕೇಳಿ. “ನಾನೇ ಬಂದು ಹಾಕಿ ಕೊಡ್ತೀನಿ” ಎಂಬ ಉತ್ತರ ಬಂದರೆ, “ಬಾ ಅಣ್ಣ, ಬಂದಾಗ ಬರೆದುಕೊಟ್ಟು ಹೋಗು” ಎನ್ನಿ.